ಬ್ಯಾಟರಿ ಎಲೆಕ್ಟ್ರೋಡ್ ಒಳಗ ಅಯಾನು ಹೆಂಗ ಓಡಾಡತೈತಿ: ಸಣ್ಣ ಲ್ಯಾಬಿನ್ಯಾಗ ಕುಂತು ಕಂಡ್ಹಿಡಿಯೂ ದಾರಿ

ಈಗ ಹುಬ್ಬಳ್ಳಿ-ಧಾರವಾಡ ಕಡೆ ಫಿಸಿಕ್ಸು, ಕೆಮಿಸ್ಟ್ರಿ ಎಮ್ಮೆಸ್ಸಿ ಮಾಡೂ ಹುಡುಗ್ರನ್ನ ಪ್ರಾಜೆಕ್ಟ್ ಏನಪಾ ಅಂತ ಕೇಳಿದ್ರ ಭಾಳ ಮಂದಿ ಬ್ಯಾಟರಿ ಅಂತಾರ. ಛಲೋನ ಆತು. ಆದ್ರ ಕಡೀಕ ಥೀಸಿಸ್ ತಗದು ನೋಡಿದ್ರ ಕೆಪಾಸಿಟಿ ಇಷ್ಟು ಬಂತು, ಸೈಕಲ್ ಇಷ್ಟು ನಡೀತು ಅಂತ ಎರಡು ಗ್ರಾಫ್, ಮ್ಯಾಲ ಒಂದು ಟೇಬಲ್ಲಿನ್ಯಾಗ ಡಿಫ್ಯೂಶನ್ ಕೋಎಫಿಶಂಟ್ (ಅಯಾನು, ಅಂದ್ರ ಚಾರ್ಜ್ ಇದ್ದ ಪರಮಾಣು, ಎಲೆಕ್ಟ್ರೋಡ್ ಒಳಗ ಎಷ್ಟು ಸಲೀಸಾಗಿ ಹರಡತೈತಿ ಅನ್ನೂ ಅಳತಿ) ಅಂತ ಒಂದು ನಂಬರ್, ಅದು ಹೆಂಗ ಬಂತು ಅಂತ ವೈವಾದಾಗ ಕೇಳಿದ್ರ ಮೌನವ್ರತ. ಈ ಲೇಖನ ಆ ಒಂದು ನಂಬರಿನ ಬಗ್ಗೆ. ಅದನ್ನ ಹೆಂಗ ಅಳಿಬೇಕು, ಎಷ್ಟು ನಂಬಬೇಕು, ಮತ್ತ ಅದಕ್ಕಿಂತ ನಂಬಿಕಿ ಇಡೂವಂಥಾದ್ದು ಇನ್ನೇನು ಐತಿ ಅನ್ನೂದು.

ಮದ್ಲ ಒಂದು ಲೆಕ್ಕ ತಲ್ಯಾಗ ಇಟ್ಕೊಳ್ರಿ. ಅಯಾನು ಒಂದು ಕಣದ ಒಳಗ ಎಲ್ ಅಷ್ಟು ದೂರ ಹೋಗಾಕ ಬೇಕಾಗೂ ಟೈಮು ಸುಮಾರು ಎಲ್ ವರ್ಗ ಭಾಗಿಸು ಡಿ. ಡಿ ಅಂದ್ರ ಡಿಫ್ಯೂಶನ್ ಕೋಎಫಿಶಂಟ್. ಡಿ 10⁻¹⁰ ಸೆಂ.ಮೀ²/ಸೆಕೆಂಡ್ ಇತ್ತು ಅಂತ ಹಿಡೀರಿ, ಕಣ 5 ಮೈಕ್ರಾನ್ ಇದ್ರ 2500 ಸೆಕೆಂಡ್, ಅಂದ್ರ ಮುಕ್ಕಾಲು ತಾಸಿನ ಹತ್ರ ಬೇಕು, ಅದೇ ಕಣ 100 ನ್ಯಾನೋಮೀಟರ್ ಇದ್ರ ಬರೇ 1 ಸೆಕೆಂಡ್. ಮಟೀರಿಯಲ್ ಅದೇ, ಡಿ ಅದೇ, ಸೈಜ್ ಒಂದ ಬದಲಾಗಿದ್ದು. ನ್ಯಾನೋ ಪೌಡರ್ ಹಾಕಿ ಸೆಲ್ ಜೋರ್ ಚಾರ್ಜ್ ಆತು ಅಂದ ಕೂಡ್ಲೇ ನಮ್ಮ ಮಟೀರಿಯಲ್ಲಿನ್ಯಾಗ ಅಯಾನು ಜೋರ್ ಓಡತೈತಿ ಅಂತ ಬರದ್ರ ಅದು ತಪ್ಪಾಗೂದು ಇದಕ್ಕನ.

ಹಂತ 1: ರಸ್ತಾ ಹೆಂಗ ಐತಿ ನೋಡ್ರಿ

ಕಂಪ್ಯೂಟರ್ ಮುಂದ ಅರ್ಧಾ ದಿನ ಕುಂತ್ರ ಸಾಕು, ಕೆಮಿಕಲ್ ಬಾಟ್ಲಿ ತೆಗಿಯೂದೇನೂ ಬ್ಯಾಡ. ಮಟೀರಿಯಲ್ಸ್ ಪ್ರಾಜೆಕ್ಟ್ ಅನ್ನೂ ಡೇಟಾಬೇಸ್ ಪುಕ್ಕಟ ಐತಿ, ಅಲ್ಲಿಂದ ನಿಮ್ಮ ಮಟೀರಿಯಲ್ಲಿನ ಸಿಐಎಫ್ ಫೈಲ್ (ಯಾವ ಪರಮಾಣು ಎಲ್ಲೈತಿ ಅಂತ ಬರದ ಫೈಲ್) ಇಳಿಸಿಕೊಂಡು, ಕ್ರಿಸ್ಟಲ್ಲಿನ ಚಿತ್ರ ತೋರಿಸೂ ವೆಸ್ಟಾ ಸಾಫ್ಟ್‌ವೇರಿನ್ಯಾಗ ತಗೀರಿ, ತಿರುಗಿಸಿ ತಿರುಗಿಸಿ ನೋಡ್ರಿ, ಲಿಥಿಯಂ ಎಲ್ಲೆಲ್ಲಿ ಕುಂತೈತಿ, ಒಂದು ಜಾಗಾದಿಂದ ಬಾಜೂ ಜಾಗಾಕ್ಕ ಎಷ್ಟು ದೂರ, ನಡಕ ಏನು ಅಡ್ಡ ಬರತೈತಿ.

ಮೂರು ನಮೂನಿ ಕಾಣತಾವ. ಲಿಥಿಯಂ ಕೋಬಾಲ್ಟ್ ಆಕ್ಸೈಡ್ (ಗುಡ್‌ಇನಫ್ ಅವರ ತಂಡ 1980ರಾಗ ತೋರಿಸಿದ್ದು) ಪದರ ಪದರ ಇರತೈತಿ, ಅಯಾನು ಪದರದ ನಡಕ ಎರಡು ದಿಕ್ಕಿನ್ಯಾಗ ಅಡ್ಡಾಡತೈತಿ. ಲಿಥಿಯಂ ಮ್ಯಾಂಗನೀಸ್ ಆಕ್ಸೈಡ್ ಸ್ಪೈನಲ್ ಅನ್ನೂ ರಚನಾ, ಮೂರೂ ದಿಕ್ಕಿಗೆ ದಾರಿ. ಇನ್ನ 1997ರಾಗ ಬಂದ ಲಿಥಿಯಂ ಐರನ್ ಫಾಸ್ಫೇಟ್, ಎಲ್ಲಾರೂ ಎಲ್‌ಎಫ್‌ಪಿ ಅನ್ನೂದು, ಅದರಾಗ ಬಿ ಅಕ್ಷದ ಗುಂಟ ಒಂದ ದಿಕ್ಕಿನ ಸುರಂಗ. ಇದನ್ನ ಹುಬ್ಬಳ್ಳಿ-ಧಾರವಾಡದ ನಡಕ ನಮ್ಮ ಚಿಗರಿ ಬಸ್ಸಿಗಂತ ಬ್ಯಾರೆ ಬಿಟ್ಟ ಲೇನ್ ಅಂತ ತಿಳ್ಕೊಳ್ರಿ: ಖಾಲಿ ಇದ್ರ ಸುಂಯ್ ಅಂತ ಹೋಗತೈತಿ, ಆದ್ರ ಬಾಜೂಕ ಹಾಯಾಕ ಜಾಗಾ ಇಲ್ಲದ ಕಡೆ ಒಂದು ಗಾಡಿ ಕೆಟ್ಟು ನಿಂತ್ರ ಹಿಂದಿಂದೆಲ್ಲಾ ಅಲ್ಲೇ ನಿಲ್ಲಬೇಕ. ಎಲ್‌ಎಫ್‌ಪಿ ಒಳಗ ಹಂಗ ಕೆಟ್ಟು ನಿಲ್ಲೂದು ಲಿಥಿಯಂ ಜಾಗಾದಾಗ ಬಂದು ಕುಂತ ಕಬ್ಬಿಣದ ಅಯಾನು, ಆಂಟಿಸೈಟ್ ಡಿಫೆಕ್ಟ್ ಅಂತಾರ. ಕಣ ಉದ್ದ ಇದ್ದಷ್ಟೂ ಒಂದು ಸುರಂಗದಾಗ ಇಂಥಾ ಅಡ್ಡಿ ಸಿಗೂ ಚಾನ್ಸ್ ಜಾಸ್ತಿ. ನಿಮ್ಮ ಸ್ಯಾಂಪಲ್ ಯಾವ ಟೆಂಪರೇಚರ್‌ದಾಗ ಮಾಡಿದ್ರಿ ಅನ್ನೂದರ ಮ್ಯಾಲ ಡಿಫೆಕ್ಟ್ ಎಷ್ಟು ಅಂತ ಬದಲಾಗತೈತಿ, ಅದಕ್ಕ ಪೇಪರಿನ ಡಿ ನಿಮ್ಮ ಡಿ ಅಲ್ಲ.

ಆ ಸುರಂಗ ಬರೇ ಕಂಪ್ಯೂಟರಿನ ಕಲ್ಪನಾ ಅಲ್ಲ ಮತ್ತ. ಜಪಾನಿನ ತಂಡ 2008ರಾಗ ನ್ಯೂಟ್ರಾನ್ ಡಿಫ್ರಾಕ್ಷನ್ (ನ್ಯೂಟ್ರಾನ್ ಹಾಯಿಸಿ ಪರಮಾಣುಗಳ ಜಾಗಾ ತಿಳಿಯೂದು) ಮಾಡಿ ಲಿಥಿಯಂ ಹೋಗೂ ದಾರಿ ಕಣ್ಣಿಗೆ ಕಾಣೂ ಹಂಗ ಮ್ಯಾಪ್ ತಗದು ತೋರಿಸ್ತು, ದಾರಿ ನೆಟ್ಟಗ ಇಲ್ಲ, ಬಾಗಿ ಬಾಗಿ ಹೋಗತೈತಿ. ಅದಕ್ಕಿಂತ ಮುಂಚೇನ ಲೆಕ್ಕ ಹಾಕಿದವ್ರು ಹಂಗ ಇರತೈತಿ ಅಂತ ಹೇಳಿದ್ರು.

ಹಂತ 2: ಏರು ಎಷ್ಟು ಅಂತ ಲೆಕ್ಕ

ಅಯಾನು ಒಂದು ಜಾಗಾದಿಂದ ಇನ್ನೊಂದಕ್ಕ ಜಿಗಿಯೂವಾಗ ನಡಕ ಒಂದು ಎನರ್ಜಿ ಏರು ಹತ್ತಿ ಇಳೀಬೇಕ, ಅದಕ್ಕ ಬ್ಯಾರಿಯರ್ ಅಂತೀವಿ. ರೂಮಿನ ಟೆಂಪರೇಚರಿಗೆ ಈ ಬ್ಯಾರಿಯರ್ 0.06 ಎಲೆಕ್ಟ್ರಾನ್ ವೋಲ್ಟ್ ಜಾಸ್ತಿ ಆತಂದ್ರ ಜಿಗಿಯೂ ವೇಗ ಹತ್ತು ಪಟ್ಟು ಕಮ್ಮಿ. ಇದೊಂದು ಬಾಯಿಪಾಠ ಇರಲಿ, ಪೇಪರ್ ಓದೂವಾಗ ಭಾಳ ಕೆಲಸಕ್ಕ ಬರತೈತಿ. 0.3ಕ್ಕೂ 0.6ಕ್ಕೂ ಬರೇ ಡಬಲ್ ಅಲ್ಲೇನ್ರಿ ಅನಸತೈತಿ, ವೇಗದಾಗ ಅದು ಲಕ್ಷ ಪಟ್ಟು.

ಬ್ಯಾರಿಯರ್ ಲೆಕ್ಕಕ್ಕ ನಡ್ಜ್ಡ್ ಇಲಾಸ್ಟಿಕ್ ಬ್ಯಾಂಡ್, ಅಂದ್ರ ನೆಬ್ ಅನ್ನೂ ಪದ್ಧತಿ. ಅಯಾನು ಹೊರಡೂ ಜಾಗಾ ಒಂದು, ಮುಟ್ಟೂ ಜಾಗಾ ಒಂದು, ಎರಡನ್ನೂ ಮದ್ಲ ಪೂರ್ತಿ ರಿಲ್ಯಾಕ್ಸ್ ಮಾಡಬೇಕು (ಪರಮಾಣುಗಳು ಎನರ್ಜಿ ಕಮ್ಮಿ ಇರೂ ಜಾಗಾಕ್ಕ ಸರಿದು ಕೂಡಬೇಕು), ಆಮ್ಯಾಲ ನಡಕ ಐದೋ ಏಳೋ ಇಮೇಜ್ (ದಾರಿಯ ನಡುವಿನ ಹಂತದ ಚಿತ್ರ) ಇಟ್ಟು ದಾರಿ ಹುಡುಕಿಸಬೇಕು, ಕಡೀಕ ಒಂದು ಇಮೇಜನ್ನ ಏರಿನ ತುದಿಗೆ ಹತ್ತಿಸೂ ಕ್ಲೈಂಬಿಂಗ್ ಇಮೇಜ್ ಆನ್ ಮಾಡಬೇಕು, ಇಲ್ಲಾಂದ್ರ ತುದಿ ಸಿಗಂಗಿಲ್ಲ, ತುದಿಯ ಆಚೀಚಿ ಎಲ್ಲೋ ನಿಂತಿರತೈತಿ. ಸೂಪರ್‌ಸೆಲ್ (ಲೆಕ್ಕಕ್ಕ ತೊಗೊಂಡು ಎಲ್ಲಾ ಕಡೆ ಮತ್ತ ಮತ್ತ ಜೋಡಿಸೂ ಕ್ರಿಸ್ಟಲ್ ತುಂಡು) ಎಲ್ಲಾ ದಿಕ್ಕಿಗೂ ಹತ್ತು ಆಂಗ್‌ಸ್ಟ್ರಾಂ ಹತ್ರ ಇರಲಿ, ಸಣ್ಣದು ತೊಗೊಂಡ್ರ ಖಾಲಿ ಜಾಗಾ ತನ್ನ ನೆರಳನ್ನ ತಾನ ನೋಡಿ ಮಾತಾಡತೈತಿ, ಬ್ಯಾರಿಯರ್ ಸುಳ್ಳು ಬರತೈತಿ.

ಕಾಲೇಜಿನ್ಯಾಗ ಕ್ಲಸ್ಟರ್ (ದೊಡ್ಡ ಲೆಕ್ಕಕ್ಕ ಜೋಡಿಸಿದ ಕಂಪ್ಯೂಟರ್ ಗುಂಪು) ಇಲ್ಲ ಅಂತ ಕೈ ಚೆಲ್ಲಬ್ಯಾಡ್ರಿ. 2023ರಾಗ ಬಂದ ಸಿಎಚ್‌ಜಿನೆಟ್ ಅನ್ನೂ ಮಷಿನ್ ಲರ್ನಿಂಗ್ ಮಾಡೆಲ್ ಐತಿ, ಎಎಸ್‌ಇ ಅನ್ನೂ ಪೈಥಾನ್ ಪ್ಯಾಕೇಜ್ ಜೋಡಿ ಸಾದಾ ಲ್ಯಾಪ್‌ಟಾಪಿನ್ಯಾಗ, ಇಲ್ಲಾ ಗೂಗಲ್ ಕೊಲ್ಯಾಬಿನ್ಯಾಗ ನೆಬ್ ಓಡಸತೈತಿ. ಅದರ ನಂಬರ್ ಪೂರಾ ನಂಬಬ್ಯಾಡ್ರಿ, ಆದ್ರ ಯಾವ ದಾರಿ ಸೋವಿ, ಯಾವ ದಾರಿ ತುಟ್ಟಿ ಅನ್ನೂದು ಲಗೂ ತಿಳೀತೈತಿ. ಸೋವಿ ಕಂಡ ದಾರಿ ಒಂದನ್ನ ಅಷ್ಟ ಆರಿಸಿ ಕ್ವಾಂಟಂ ಎಸ್ಪ್ರೆಸೊ ಅನ್ನೂ ಕ್ವಾಂಟಂ ಲೆಕ್ಕದ ಪ್ರೋಗ್ರಾಮಿನ್ಯಾಗ ಸರಿಯಾಗಿ ಮಾಡ್ರಿ, ಕಬ್ಬಿಣ, ಮ್ಯಾಂಗನೀಸ್ ಇದ್ರ ಯು ತಿದ್ದುಪಡಿ (ಅವುಗಳ ಎಲೆಕ್ಟ್ರಾನ್ ಲೆಕ್ಕದ ತಪ್ಪು ಸರಿ ಮಾಡೂದು) ಮರೀಬ್ಯಾಡ್ರಿ.

ಮಾಲೆಕ್ಯುಲರ್ ಡೈನಾಮಿಕ್ಸ್ (ಪರಮಾಣುಗಳ ಓಡಾಟಾನ ಕಂಪ್ಯೂಟರಿನ್ಯಾಗ ಓಡಿಸಿ ನೋಡೂದು) ಮಾಡತೀನಿ ಅನ್ನೂವ್ರಿಗೆ ಒಂದು ಮಾತು. ಬ್ಯಾರಿಯರ್ 0.5 ಇದ್ರ ರೂಮಿನ ಟೆಂಪರೇಚರಿಗೆ ಒಂದು ಅಯಾನು ಒಮ್ಮೆ ಜಿಗಿಯಾಕ ಸುಮಾರು ಇಪ್ಪತ್ತು-ಮೂವತ್ತು ಮೈಕ್ರೋಸೆಕೆಂಡ್ ಬೇಕು, ನೀವು ಓಡಸೂದು ಒಂದು ನ್ಯಾನೋಸೆಕೆಂಡ್. ಏನು ಕಾಣತೈತಿ? ಅಲ್ಲೇ ಕುಂತು ನಡುಗೂದು ಕಾಣತೈತಿ. ಅದಕ್ಕ ಎಂಟನೂರು, ಸಾವಿರ ಕೆಲ್ವಿನ್‌ಗೆ ಏರಿಸಿ ಓಡಿಸಿ, ಅಲ್ಲಿಂದ ಕೆಳಗ ಎಳಕೊಂಡು ಬರತಾರ, ನಡಕ ಕ್ರಿಸ್ಟಲ್ ಕರಗಿ ನೀರಾಗಿಲ್ಲ ಅಂತ ಮಾತ್ರ ಖಾತ್ರಿ ಮಾಡ್ಕೊಬೇಕು.

ಹಂತ 3: ಎಲೆಕ್ಟ್ರೋಡ್ ಮಾಡೂದು, ಗ್ಲೋವ್ ಬಾಕ್ಸ್ ಇದ್ರೂ ಇರದಿದ್ರೂ

ಗ್ಲೋವ್ ಬಾಕ್ಸ್ (ಗಾಳಿ, ನೀರು ಸೇರದಂಗ ಆರ್ಗಾನ್ ತುಂಬಿದ ಪೆಟ್ಟಿಗಿ) ಇದ್ದವ್ರದು ಗೊತ್ತಿದ್ದ ದಾರಿ: ಆಕ್ಟಿವ್ ಮಟೀರಿಯಲ್, ಕಾರ್ಬನ್ ಬ್ಲ್ಯಾಕ್, ಪಿವಿಡಿಎಫ್ (ಅಂಟಿಸೂ ಬೈಂಡರ್) 80:10:10, ಎನ್‌ಎಂಪಿ ಅನ್ನೂ ದ್ರಾವಕದಾಗ ಕಲಿಸಿ ಕ್ಯಾಥೋಡಾದ್ರ ಅಲ್ಯೂಮಿನಿಯಂ ಫಾಯಿಲ್ ಮ್ಯಾಲ, ಆನೋಡಾದ್ರ ತಾಮ್ರದ ಫಾಯಿಲ್ ಮ್ಯಾಲ ಬಳಿಯೂದು, ವ್ಯಾಕ್ಯೂಮ್ ಓವನ್‌ದಾಗ ರಾತ್ರಿಯೆಲ್ಲಾ ಒಣಗಿಸೂದು, 12 ಮಿಲಿಮೀಟರ್ ಬಿಲ್ಲಿ ಕತ್ತರಿಸಿ ಆರ್ಗಾನ್ ಒಳಗ 2032 ಕಾಯಿನ್ ಸೆಲ್ ಒತ್ತೂದು. ಧಾರವಾಡದ ಜುಲೈ ತಿಂಗಳ ಮಾತ್ರ ಬ್ಯಾರೇನ. ಜಿಟಿಜಿಟಿ ಮಳಿ ಹಿಡದಾಗ ಗಾಳ್ಯಾಗಿನ ನೀರು ಸ್ಲರಿಗೆ ಸೇರಿದ್ರ ಪಿವಿಡಿಎಫ್ ಜೆಲ್ಲಿ ಆಗತೈತಿ, ಒಣಗಿದ ಎಲೆಕ್ಟ್ರೋಡ್ ಮತ್ತ ನೀರು ಹೀರಕೊಳ್ಳತೈತಿ, ಆ ನೀರು ಎಲೆಕ್ಟ್ರೋಲೈಟಿನ ಎಲ್‌ಐಪಿಎಫ್6 ಉಪ್ಪಿನ ಜೋಡಿ ಸೇರಿ ಹೈಡ್ರೋಫ್ಲೋರಿಕ್ ಆಸಿಡ್ ಆಗತೈತಿ. ಡಿ ಅಳೀತೀನಂತ ಹೋಗಿ ತುಕ್ಕನ್ನ ಅಳದಂಗ. ಬಳಿಯೂ ಕೆಲಸ ಆದ್ರ ಬ್ಯಾಸಿಗ್ಯಾಗ ಮುಗಿಸಿಕೊಳ್ರಿ.

ಗ್ಲೋವ್ ಬಾಕ್ಸ್ ಇಲ್ಲದವ್ರಿಗೆ ನನ್ನ ಸಲಹೆ ಪ್ರಷ್ಯನ್ ಬ್ಲೂ. ನೀರಿನ್ಯಾಗ ನಡಿಯೂ ಎಲೆಕ್ಟ್ರೋಡ್, ಅಯಾನು ಒಳಗ ಹೋದದ್ದು ಕಣ್ಣಿಗೆ ಕಾಣತೈತಿ, ನೀಲಿ ಹೋಗಿ ಬಣ್ಣ ಇಲ್ಲದಂಗ ಆಗತೈತಿ, ಹೊರಗ ಬಂದ್ರ ಮತ್ತ ನೀಲಿ. ಎಫ್‌ಟಿಓ ಗ್ಲಾಸ್ (ಕರೆಂಟ್ ಹರಿಯೂ ಗ್ಲಾಸ್) ಇಲ್ಲಾ ಗ್ರಾಫೈಟ್ ಶೀಟ್ ತೊಗೊಳ್ರಿ, ಫೆರಿಕ್ ಕ್ಲೋರೈಡ್ 10 ಮಿಲಿಮೋಲಾರ್, ಪೊಟ್ಯಾಸಿಯಂ ಫೆರಿಸಯನೈಡ್ 10 ಮಿಲಿಮೋಲಾರ್, ಅದಕ್ಕ 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್, 0.01 ಮೋಲಾರ್ ಹೈಡ್ರೋಕ್ಲೋರಿಕ್ ಆಸಿಡ್, ಸಿಲ್ವರ್-ಸಿಲ್ವರ್ ಕ್ಲೋರೈಡ್ ರೆಫರೆನ್ಸಿಗೆ 0.4 ವೋಲ್ಟ್ ಇಟ್ಟು ಒಂದೆರಡು ನಿಮಿಷ ಹಿಡಿದ್ರ ನೀಲಿ ಫಿಲ್ಮ್ ಕೂಡತೈತಿ. ತೊಳದು, ಒಣಗಿಸಿ, ಬರೇ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಾಗ -0.2ರಿಂದ 0.6 ವೋಲ್ಟಿನ ನಡಕ ಓಡಿಸ್ರಿ. ಕ್ಷಾರದ ನೀರಿನ್ಯಾಗ ಇಟ್ರ ಫಿಲ್ಮ್ ಕರಗಿ ಹೋಗತೈತಿ. ಫೆರಿಸಯನೈಡ್ ಬಾಟ್ಲಿಗಾಗಲಿ, ಉಳಿದ ದ್ರಾವಣಕ್ಕಾಗಲಿ ಜೋರ್ ಆಸಿಡ್ ಹಾಕೂದು, ಕಾಸೂದು ಮಾಡಬ್ಯಾಡ್ರಿ, ಹೈಡ್ರೋಜನ್ ಸಯನೈಡ್ ಬಿಡತೈತಿ. ವೇಸ್ಟ್ ಬ್ಯಾರೆ ಕ್ಯಾನಿನ್ಯಾಗ, ಸಿಂಕಿಗೆ ಅಲ್ಲ.

ಇದರಾಗ ಒಂದು ಮಜಾ ಐತಿ. ಪೊಟ್ಯಾಸಿಯಂ ಬದ್ಲಿ ಸೋಡಿಯಂ, ಆಮ್ಯಾಲ ಲಿಥಿಯಂ ಕ್ಲೋರೈಡ್ ಹಾಕಿ ಅದೇ ಫಿಲ್ಮ್ ಓಡಿಸಿ ನೋಡ್ರಿ. ಬತ್ತಲೆ ಅಯಾನಿನ ರೇಡಿಯಸ್ ನೋಡಿದ್ರ ಲಿಥಿಯಂ 0.76, ಸೋಡಿಯಂ 1.02, ಪೊಟ್ಯಾಸಿಯಂ 1.38 ಆಂಗ್‌ಸ್ಟ್ರಾಂ, ಅಂದ್ರ ಸಣ್ಣ ಲಿಥಿಯಂ ಸಲೀಸಾಗಿ ಹೋಗಬೇಕಲ್ಲ? ಹೋಗಂಗಿಲ್ಲ. ನೀರಿನ್ಯಾಗ ಸಣ್ಣ ಅಯಾನು ತನ್ನ ಸುತ್ತ ನೀರನ್ನ ಬಿಗಿ ಹಿಡಕೊಂಡಿರತೈತಿ, ಆ ನೀರು ಸಮೇತ ನೋಡಿದ್ರ ಲಿಥಿಯಂ ಎಲ್ಲಾರಕಿಂತ ದಪ್ಪ, ನೀರು ಬಿಡಿಸಿಕೊಂಡು ಒಳಗ ಹೋಗೂದು ಅದಕ್ಕ ತ್ರಾಸು. ಪೊಟ್ಯಾಸಿಯಂ ಸಲೀಸು ಹೋಗಿ ಬರತೈತಿ. ಅಯಾನಿನ ಓಟ ಅಂದ್ರ ಬರೇ ಕ್ರಿಸ್ಟಲ್ ಒಳಗಿನ ಓಟ ಅಲ್ಲ, ಬಾಗಲಾ ದಾಟೂದೂ ಅದರಾಗ ಬಂತು, ಇದು ಮುಂದ ಇಂಪೀಡೆನ್ಸಿನ್ಯಾಗ ಮತ್ತ ಬರತೈತಿ.

ಹಂತ 4: ಸೈಕ್ಲಿಕ್ ವೋಲ್ಟಾಮೆಟ್ರಿ

ಪೊಟೆನ್ಶಿಯೋಸ್ಟಾಟ್ (ವೋಲ್ಟೇಜ್ ಇಟ್ಟು ಕರೆಂಟ್ ಅಳಿಯೂ ಮಷಿನ್) ಸಿಕ್ಕ ಮದ್ಲನೇ ದಿನ ಇದನ್ನ ಮಾಡ್ರಿ. ವೋಲ್ಟೇಜ್ ಏರಿಸಿ ಇಳಿಸಿ ಕರೆಂಟ್ ನೋಡೂದು, ಏರಿಸೂ ವೇಗಕ್ಕ ಸ್ಕ್ಯಾನ್ ರೇಟ್ ಅಂತಾರ. ಐದಾರು ಸ್ಕ್ಯಾನ್ ರೇಟ್, ಕಾಯಿನ್ ಸೆಲ್ ಇದ್ರ ಸೆಕೆಂಡಿಗೆ 0.1ರಿಂದ 1 ಮಿಲಿವೋಲ್ಟ್, ತೆಳು ಫಿಲ್ಮ್ ಇದ್ರ 5ರಿಂದ 100. ಪೀಕ್ ಕರೆಂಟಿನ ಲಾಗು, ಸ್ಕ್ಯಾನ್ ರೇಟಿನ ಲಾಗು, ಗ್ರಾಫ್ ಹಾಕಿ ಇಳಿಜಾರು ನೋಡ್ರಿ. 0.5ರ ಹತ್ರ ಬಂದ್ರ ಡಿಫ್ಯೂಶನ್ ತಡೀಲಿಕತ್ತೈತಿ ಅಂತ ಅರ್ಥ, 1ರ ಹತ್ರ ಬಂದ್ರ ಇಲ್ಲ. 1ರ ಹತ್ರ ಬಂದಾಗ ರ‍್ಯಾಂಡಲ್ಸ್-ಸೆವ್ಚಿಕ್ ಫಾರ್ಮುಲಾಕ್ಕ (ಪೀಕ್ ಕರೆಂಟಿನಿಂದ ಡಿ ಲೆಕ್ಕ ಹಾಕೂದು) ಹಾಕಿ ಡಿ ತಗದ್ರ ಅದಕ್ಕ ಅರ್ಥನ ಇಲ್ಲ, ಆದ್ರ ಭಾಳ ಮಂದಿ ತಗೀತಾರ. ಎಲ್‌ಎಫ್‌ಪಿಯಂಥಾ ಎರಡು ಫೇಸ್ (ಲಿಥಿಯಂ ತುಂಬಿದ್ದು ಒಂದು, ಖಾಲಿ ಇದ್ದದ್ದು ಒಂದು) ಆಗೂ ಮಟೀರಿಯಲ್‌ಗೂ ಆ ಫಾರ್ಮುಲಾ ಕೂಡಂಗಿಲ್ಲ. ತೆಳು ಫಿಲ್ಮಿನ್ಯಾಗ ಸ್ಲೋ ಇದ್ದಾಗ 1, ಫಾಸ್ಟ್ ಮಾಡಿದಾಗ 0.5 ಕಡೆ ತಿರಗತೈತಿ, ತಿರಗೂ ಟೈಮಿನಿಂದಾನ, ಫಿಲ್ಮಿನ ದಪ್ಪ ಗೊತ್ತಿದ್ರ, ಡಿ ಅಂದಾಜು ಸಿಗತೈತಿ.

ಹಂತ 5: ಗಿಟ್, ತಾಳ್ಮಿ ಇದ್ದವ್ರಿಗೆ

ಗ್ಯಾಲ್ವನೋಸ್ಟ್ಯಾಟಿಕ್ ಇಂಟರ್‌ಮಿಟೆಂಟ್ ಟೈಟ್ರೇಶನ್ ಅಂತ ಪೂರ್ತಿ ಹೆಸರು, ಲ್ಯಾಬಿನ್ಯಾಗ ಯಾರೂ ಹಂಗ ಅನ್ನಂಗಿಲ್ಲ. ವೆಪ್ನರ್ ಮತ್ತ ಹಗಿನ್ಸ್ 1977ರಾಗ ಕೊಟ್ಟದ್ದು, ಇವತ್ತಿಗೂ ಇದ ಮುಖ್ಯ ಹತ್ಯಾರ. ಸಣ್ಣ ಕರೆಂಟು ಹತ್ತು ನಿಮಿಷ ಕೊಡೂದು, ಬಿಡೂದು, ವೋಲ್ಟೇಜ್ ಶಾಂತ ಆಗೂ ತನಕ ಕಾಯೂದು, ಮತ್ತ ಕೊಡೂದು. ಸಿ/20 (20 ತಾಸಿನ್ಯಾಗ ಪೂರ್ತಿ ಚಾರ್ಜ್ ಆಗೂವಷ್ಟು) ಕರೆಂಟಿಗೆ ಹತ್ತು ನಿಮಿಷದ ಪಲ್ಸ್ ಅಂದ್ರ ಒಂದು ಪೂರ್ತಿ ಚಾರ್ಜಿಗೆ 120 ಪಲ್ಸ್, ಎರಡೆರಡು ತಾಸು ರೆಸ್ಟ್ ಅಂದ್ರ ಒಟ್ಟು 260 ತಾಸು, ಹನ್ನೊಂದು ದಿನ! ನಡಕ ಒಮ್ಮೆ ಕರೆಂಟ್ ಹೋತಂದ್ರ ಮುಗೀತು, ಮೊದಲಿಂದ. ಯುಪಿಎಸ್ ಇಲ್ಲದ ಪೊಟೆನ್ಶಿಯೋಸ್ಟಾಟಿಗೆ ಗಿಟ್ ಹಾಕಬ್ಯಾಡ್ರಿ, ಮತ್ತ ಲ್ಯಾಬಿನ ಬಾಕಿ ಮಂದಿಗೆ ಮದ್ಲ ಹೇಳಿ ಹಾಕ್ರಿ, ಒಂದ ಚಾನೆಲ್ ಇದ್ದಲ್ಲಿ ಹನ್ನೊಂದು ದಿನ ಹಿಡಕೊಂಡ್ರ ಜಗಳ ಗ್ಯಾರಂಟಿ. ಎಲ್ಲಾ ಕಡೆ ಪಲ್ಸ್ ಕೊಡೂ ಜರೂರನೂ ಇಲ್ಲ, ನಿಮಗ ಬೇಕಾದ ಹತ್ತು ಚಾರ್ಜ್ ಸ್ಥಿತಿಗಳಿಗೆ ಕೊಟ್ರ ಸಾಕು.

ದುಂಡ ಕಣ ಅಂತ ಹಿಡಿದ್ರ ಲೆಕ್ಕ ಸರಳ: ಡಿ ಅಂದ್ರ 4 ಗುಣಿಸು ರೇಡಿಯಸ್ ವರ್ಗ, ಭಾಗಿಸು 9 ಗುಣಿಸು ಪೈ ಗುಣಿಸು ಪಲ್ಸಿನ ಟೈಮು, ಅದನ್ನ ಗುಣಿಸು ಎರಡು ವೋಲ್ಟೇಜ್ ಬದಲಾವಣೆಗಳ ಅನುಪಾತದ ವರ್ಗ. ಮ್ಯಾಲಿಂದು ರೆಸ್ಟ್ ಆದಮ್ಯಾಲಿನ ಬದಲಾವಣೆ, ಕೆಳಗಿಂದು ಪಲ್ಸ್ ನಡದಾಗಿನ ಬದಲಾವಣೆ, ಶುರುವಿಗೆ ಟಕ್ ಅಂತ ಏರೂ ಐಆರ್ ಜಿಗಿತ (ಸೆಲ್ಲಿನ ರೆಸಿಸ್ಟನ್ಸಿನಿಂದ ಬರೂದು) ಬಿಟ್ಟು. ರೇಡಿಯಸ್ 1 ಮೈಕ್ರಾನ್, 600 ಸೆಕೆಂಡ್, 10 ಮತ್ತು 25 ಮಿಲಿವೋಲ್ಟ್ ಅಂತ ಹಾಕಿದ್ರ 3.8×10⁻¹³ ಸೆಂ.ಮೀ²/ಸೆಕೆಂಡ್ ಬರತೈತಿ. ನಿಮ್ಮ ಎಕ್ಸೆಲ್ ಶೀಟ್ ಸರಿ ಐತೋ ಇಲ್ಲೋ ಅಂತ ಇದನ್ನ ಹಾಕಿ ಚೆಕ್ ಮಾಡ್ಕೊಳ್ರಿ. ಪಲ್ಸ್ ಒಳಗ ವೋಲ್ಟೇಜ್, ಟೈಮಿನ ವರ್ಗಮೂಲದ ಜೋಡಿ ನೆಟ್ಟಗೆರಿ ಆಗಿ ಬರಬೇಕು, ಬರಲಿಲ್ಲಾಂದ್ರ ಆ ಪಲ್ಸ್ ಬಿಡ್ರಿ. ಎಲ್‌ಎಫ್‌ಪಿಯ 3.4 ವೋಲ್ಟಿನ ಸಪಾಟ ಜಾಗಾದಾಗ ರೆಸ್ಟ್ ಆದಮ್ಯಾಲ ಬದಲಾವಣೆ ಹೆಚ್ಚೂಕಮ್ಮಿ ಸೊನ್ನೆ, ಆಗ ಡಿ ಪಾತಾಳಕ್ಕ ಬಿದ್ದಂಗ ಕಾಣತೈತಿ. ಅಯಾನು ನಿಂತಿಲ್ಲ, ಅಲ್ಲಿ ಫಾರ್ಮುಲಾ ನಿಂತೈತಿ.

ಈಗ ಅಸಲಿ ತಕರಾರು. ಮೂಲ ಫಾರ್ಮುಲಾದಾಗ ಏರಿಯಾ ಬರತೈತಿ, ಯಾವ ಏರಿಯಾ ಹಾಕತೀರಿ? 12 ಮಿಲಿಮೀಟರ್ ಬಿಲ್ಲಿ ಅಂದ್ರ 1.13 ಸೆಂ.ಮೀ². ಅದರ ಮ್ಯಾಲಿನ 3 ಮಿಲಿಗ್ರಾಂ ಪೌಡರಿನ ಬಿಇಟಿ ಏರಿಯಾ (ಗ್ಯಾಸ್ ಹೀರಿಸಿ ಅಳದ ಪೌಡರಿನ ಮೇಲ್ಮೈ) ಗ್ರಾಮಿಗೆ 10 ಚದರ ಮೀಟರ್ ಇತ್ತಂದ್ರ 300 ಸೆಂ.ಮೀ². ಫರಕ್ 265 ಪಟ್ಟು, ಡಿಯೊಳಗ ಅದರ ವರ್ಗ, ಸುಮಾರು ಎಪ್ಪತ್ತು ಸಾವಿರ ಪಟ್ಟು! ಅದೇ ಸೆಲ್, ಅದೇ ಡೇಟಾ, ಒಬ್ರು 10⁻¹⁰ ಅಂದ್ರ ಇನ್ನೊಬ್ರು 10⁻¹⁵ ಅಂತಾರ. ಪೇಪರ್ ಪೇಪರಿಗೆ ಡಿ ಹೋಲಿಸಿ ನಮ್ಮದು ಹತ್ತು ಪಟ್ಟು ಛಲೋ ಅಂತ ಬರಿಯೂದು ಎಷ್ಟು ಹಗುರ ಅನ್ನೂದು ಇದರಾಗ ತಿಳೀತು.

ಹಂತ 6: ಇಂಪೀಡೆನ್ಸ್

ಸಣ್ಣ ಎಸಿ ವೋಲ್ಟೇಜ್ ಕೊಟ್ಟು, ಬ್ಯಾರೆ ಬ್ಯಾರೆ ಫ್ರೀಕ್ವೆನ್ಸಿಗೆ ಸೆಲ್ ಕರೆಂಟನ್ನ ಎಷ್ಟು ತಡೀತೈತಿ ಅಂತ ನೋಡೂದು ಇದು. 100 ಕಿಲೋಹರ್ಟ್ಸಿಂದ 10 ಮಿಲಿಹರ್ಟ್ಸ್ ತನಕ, 5 ಇಲ್ಲಾ 10 ಮಿಲಿವೋಲ್ಟ್ ಏರಿಳಿತ. ಸೆಲ್ ಪೂರ್ತಿ ಶಾಂತ ಆಗಿರಬೇಕು. ಗ್ರಾಫಿನ್ಯಾಗ ಮದ್ಲ ಅರ್ಧ ಸರ್ಕಲ್, ಅದು ಬಾಗಲಾ ದಾಟೂ ತ್ರಾಸು. ಹಿಂದಿನ 45 ಡಿಗ್ರಿ ಬಾಲ, ವಾರ್ಬರ್ಗ್, ಅದು ಒಳಗಿನ ಓಟ. ಬಾಲದ ಭಾಗದಾಗಿನ ರೆಸಿಸ್ಟನ್ಸನ್ನ ಒಂದು ಭಾಗಿಸು ಫ್ರೀಕ್ವೆನ್ಸಿಯ ವರ್ಗಮೂಲದ ಎದುರು ಹಾಕಿ, ಆ ಗೆರಿಯ ಇಳಿಜಾರಿನಿಂದ ಡಿ ತಗೀತಾರ. ಆದ್ರ ಎಲ್ಲಾ 45 ಡಿಗ್ರಿಯೂ ವಾರ್ಬರ್ಗ್ ಅಲ್ಲ, ತೂತು ತೂತಿನ ದಪ್ಪ ಎಲೆಕ್ಟ್ರೋಡಿನ ರಂಧ್ರದಾಗ ಎಲೆಕ್ಟ್ರೋಲೈಟಿನ ರೆಸಿಸ್ಟನ್ಸಿನಿಂದಾನೂ ಮ್ಯಾಲಿನ ಫ್ರೀಕ್ವೆನ್ಸಿಗೆ ಅಂಥಾದ್ದ ಗೆರಿ ಬರತೈತಿ. ಎರಡು ಎಲೆಕ್ಟ್ರೋಡಿನ ಸೆಲ್ಲಿನ್ಯಾಗ ಲಿಥಿಯಂ ಮೆಟಲ್ಲಿನ ಸರ್ಕಲ್ಲೂ ಕಲತು ಬರತೈತಿ, ಮೂರು ಎಲೆಕ್ಟ್ರೋಡಿನ ಸೆಲ್ ಇದ್ರ ಭಾಳ ಛಲೋ. ಡೇಟಾ ಕ್ರೇಮರ್ಸ್-ಕ್ರೋನಿಗ್ ಟೆಸ್ಟ್ (ಡೇಟಾ ತನ್ನೊಳಗ ತಾನ ಹೊಂದತೈತೋ ಇಲ್ಲೋ ಅನ್ನೂ ಪರೀಕ್ಷಾ) ಪಾಸ್ ಆಗಲಿಲ್ಲಾಂದ್ರ ಫಿಟ್ ಮಾಡಾಕ ಕುಂದರಬ್ಯಾಡ್ರಿ.

ಹಂತ 7: ಟೆಂಪರೇಚರ್ ಬದಲಿಸ್ರಿ, ಇದ ಇಡೀ ಕೆಲಸದ ಜೀವ

ಏರಿಯಾ ಗೊತ್ತಿಲ್ಲ, ರೇಡಿಯಸ್ ಅಂದಾಜು, ಹಂಗಾದ್ರ ಏನು ನಂಬೂದು? ಇಳಿಜಾರು ನಂಬ್ರಿ. ಅದೇ ಸೆಲ್ಲಿನ ಡಿಯನ್ನ 10, 20, 30, 40, 50 ಡಿಗ್ರಿಗೆ ಅಳದು, ಡಿಯ ಲಾಗನ್ನ (ನ್ಯಾಚುರಲ್ ಲಾಗ್) ಒಂದು ಭಾಗಿಸು ಕೆಲ್ವಿನ್ ಟೆಂಪರೇಚರಿನ ಎದುರು ಹಾಕಿದ್ರ ನೆಟ್ಟ ಗೆರಿ ಇಳಕೊಂಡು ಹೋಗತೈತಿ, ಆ ಇಳಿಜಾರನ್ನ 8.617×10⁻⁵ರಿಂದ ಗುಣಿಸಿದ್ರ ಬ್ಯಾರಿಯರ್ ಎಲೆಕ್ಟ್ರಾನ್ ವೋಲ್ಟಿನ್ಯಾಗ ಸಿಗತೈತಿ. ಏರಿಯಾ ತಪ್ಪು ಹಾಕಿದ್ರೂ ಎಲ್ಲಾ ಬಿಂದುಗಳಿಗೂ ಅದೇ ತಪ್ಪು, ಗೆರಿ ಮ್ಯಾಲೋ ಕೆಳಗೋ ಸರೀತೈತಿ, ಇಳಿಜಾರು ಬದಲಾಗಂಗಿಲ್ಲ. ಎಪ್ಪತ್ತು ಸಾವಿರ ಪಟ್ಟಿನ ತಂಟೆ ಒಮ್ಮೆಲೆ ಮಾಯ. ಮತ್ತ ಹಂತ 2ರಾಗ ಲೆಕ್ಕ ಹಾಕಿದ್ದೂ ಬ್ಯಾರಿಯರ್ರ, ಎರಡನ್ನೂ ಎದುರಾಬದುರಾ ಇಟ್ಟು ನೋಡಬಹುದು. ಸಾದಾ ಕಾಲೇಜಿನ ಲ್ಯಾಬಿಗೆ ಬರೇ ಡಿಯ ಬೆನ್ನು ಹತ್ತೂದಕ್ಕಿಂತ ಇದು ಎಷ್ಟೋ ಮೇಲು ಅಂತ ನನ್ನ ಅಭಿಪ್ರಾಯ.

ಬ್ಯಾರಿಯರ್ 0.3 ಇದ್ರ 10ರಿಂದ 50 ಡಿಗ್ರಿಗೆ ಡಿ ನಾಲ್ಕೂವರೆ ಪಟ್ಟು ಏರತೈತಿ, ಸಾದಾ ವಾಟರ್ ಬಾತಿನ್ಯಾಗ ಕಾಣೂವಷ್ಟು ಫರಕು. ಇದರ ಇನ್ನೊಂದು ಮಗ್ಗಲು: ನಮ್ಮ ಕಡೆ ಡಿಸೆಂಬರ್ ಬೆಳಿಗ್ಗೆ 15 ಡಿಗ್ರಿ, ಏಪ್ರಿಲ್ ಮಧ್ಯಾಹ್ನ 38 ಅಂತ ಹಿಡಿದ್ರ, 0.4 ಬ್ಯಾರಿಯರಿಗೆ ಡಿ ಮೂರು ಪಟ್ಟಿಗಿಂತ ಜಾಸ್ತಿ ಬದಲಾಗತೈತಿ, ನೀವು ಏನೂ ಮಾಡದ. ಚಳಿಗಾಲದಾಗ ಡೋಪ್ (ಬ್ಯಾರೆ ಧಾತು ಸ್ವಲ್ಪ ಬೆರಸೂದು) ಮಾಡದ ಸ್ಯಾಂಪಲ್, ಬ್ಯಾಸಿಗ್ಯಾಗ ಡೋಪ್ ಮಾಡಿದ್ದು ಅಳದು ಡೋಪಿಂಗ್‌ದಿಂದ ಸುಧಾರಣಾ ಆತು ಅಂತ ಬರದ್ರ ಅದು ಬಿಸಿಲಿನ ಸಾಧನೆ. ಸೆಲ್ಲಿನ ಬಾಜೂಕ ಒಂದು ಥರ್ಮಾಮೀಟರ್ ಇಡ್ರಿ, ರೀಡಿಂಗ್ ಬರದಿಡ್ರಿ, ಖರ್ಚೇನಿಲ್ಲ.

ಲೆಕ್ಕದ ಬ್ಯಾರಿಯರಿಗಿಂತ ಅಳದ ಬ್ಯಾರಿಯರ್ ದೊಡ್ಡದು ಬಂದ್ರ ಗಾಬರಿ ಬ್ಯಾಡ, ಕಣದಿಂದ ಕಣಕ್ಕ ದಾಟೂದು, ಬಾಗಲದ ತ್ರಾಸು, ಡಿಫೆಕ್ಟು ಎಲ್ಲಾ ಅದರಾಗ ಸೇರಿರತಾವ. ಅರ್ಧ ಸರ್ಕಲ್ಲಿನ ರೆಸಿಸ್ಟನ್ಸಿಗೂ ಇಂಥಾದ್ದ ಗೆರಿ ಬ್ಯಾರೆ ಹಾಕ್ರಿ, ಎರಡೂ ಬ್ಯಾರಿಯರ್ ಒಂದ ಬಂದ್ರ ನೀವು ಡಿಫ್ಯೂಶನ್ ಅಂತ ಅಳದದ್ದು ಬಾಗಲನ್ನ ಇರಬಹುದು ಅಂತ ಸಂಶಯ ಪಡ್ರಿ.

ಬರಿಯೂದು ಮತ್ತ ಮಷಿನ್ ಹುಡುಕೂದು

ರಿಪೋರ್ಟಿನ್ಯಾಗ ಡಿ ಬರದ ಸಾಲಿನ್ಯಾಗನ ಯಾವ ರೇಡಿಯಸ್, ಯಾವ ಏರಿಯಾ, ಎಷ್ಟು ಡಿಗ್ರಿ, ಎಷ್ಟು ಚಾರ್ಜಿಗೆ ಅಳದದ್ದು ಅಂತ ಬರೀರಿ. 3.82 ಅಂತ ಎರಡು ದಶಾಂಶ ಹಾಕೂದು ಬ್ಯಾಡ, 10⁻¹³ರ ಆಸುಪಾಸು ಅಂದ್ರ ಸಾಕು. ಬ್ಯಾರಿಯರಿಗೆ ಮಾತ್ರ ಎರರ್ ಬಾರ್ ಹಾಕ್ರಿ.

ಎಕ್ಸ್‌ಆರ್‌ಡಿ, ಎಸ್‌ಇಎಮ್, ಬಿಇಟಿ (ಕ್ರಿಸ್ಟಲ್ ರಚನಾ, ಕಣದ ಸೈಜ್, ಮೇಲ್ಮೈ ನೋಡೂ ಮಷಿನ್‌ಗಳು) ನಿಮ್ಮ ಕಾಲೇಜಿನ್ಯಾಗ ಇರದಿದ್ರ ಕರ್ನಾಟಕ ವಿಶ್ವವಿದ್ಯಾಲಯದ ಯುಎಸ್‌ಐಸಿ (ವಿಜ್ಞಾನ ಉಪಕರಣ ಕೇಂದ್ರ) ಒಳಗ ಮದ್ಲ ವಿಚಾರಿಸ್ರಿ, ಐಐಟಿ ಧಾರವಾಡ, ಹುಬ್ಬಳ್ಳಿಯ ಕೆಎಲ್‌ಇ ಟೆಕ್ ಕಡೆನೂ ಕೇಳ್ರಿ, ಅಲ್ಲಿ ಇಲ್ಲಾಂದ್ರ ಐ-ಸ್ಟೆಮ್ ಪೋರ್ಟಲ್‌ದಾಗ ದೇಶದ ಯಾವ ಸಂಸ್ಥಾದಾಗ ಯಾವ ಮಷಿನ್ ಐತಿ ನೋಡಿ ಸ್ಲಾಟ್ ಬುಕ್ ಮಾಡಬಹುದು. ಸೆಲ್ ಓಡತಿರೂವಾಗನ ಕ್ರಿಸ್ಟಲ್ ಬದಲಾಗೂದು ನೋಡಬೇಕಂದ್ರ ಇಂದೋರಿನ ಇಂಡಸ್-2 ಸಿಂಕ್ರೊಟ್ರಾನ್ (ಭಾಳ ಜೋರ್ ಎಕ್ಸ್-ರೇ ಕೊಡೂ ದೊಡ್ಡ ಮಷಿನ್) ಐತಿ, ಅದಕ್ಕ ಪ್ರಪೋಸಲ್ ಬರೀಬೇಕಾಗತೈತಿ, ಪ್ರಪೋಸಲ್ಲಿಗೆ ಹಂತ 7ರ ಗೆರಿ ಒಂದು ಕೈಯಾಗ ಇದ್ರ ಮಾತಿಗೆ ತೂಕ ಬರತೈತಿ. ಬಿಇಟಿಗೆ ಕಳಿಸೂವಾಗ ಕಾರ್ಬನ್, ಬೈಂಡರ್ ಕಲಸದ ಬರೇ ಪೌಡರನ್ನ ಕಳಿಸ್ರಿ, ಕಾರ್ಬನ್ ಬ್ಲ್ಯಾಕಿನ ಏರಿಯಾನ ಅದಕ್ಕಿಂತ ದೊಡ್ಡದಿರತೈತಿ.